ಪಾಲಿಬೆಟ್ಟದ ಪಾರುಪತ್ಯಗಾರ

ನನ್ನ ಕೆಲಸ ಏನೆಂದು ಅಪ್ಪನಿಗೆ ತಿಳಿಸಿಹೇಳಲು ಶುರುಮಾಡಿ ನಾಲ್ಕು ವರ್ಷವಾಯಿತು. ಸದ್ಯದ ಸ್ಥಿತಿ: ಪ್ರಗತಿಯಲ್ಲಿದೆ.

ನೇಮಕಾತಿ ಪತ್ರದಲ್ಲಿ ಸ್ಪಷ್ಟವಾಗಿಯೇ ಬರೆದಿದೆ: ‘ಪ್ರಾಜೆಕ್ಟ್ ಕೋಆರ್ಡಿನೇಟರ್, ಬಿಸಿನೆಸ್ ಸಪೋರ್ಟ್’. ಅಪ್ಪ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಎರಡು ಸಲ ಓದಿದರು.

“ಪ್ರಾಜೆಕ್ಟ್ ಯಾರದ್ದು?”

“ಗಿರಾಕಿಯದ್ದು.”

“ಬಿಸಿನೆಸ್ಸು?”

“ಕಂಪನಿಯದ್ದು.”

“ಹಾಗಾದ್ರೆ ಇದ್ರಲ್ಲಿ ನಿಂದು ಎಂತ ಮಾರಾಯ?”

ನಾನೂ ಪತ್ರವನ್ನು ಇಸಿದುಕೊಂಡು ನೋಡಿದೆ. ನಡುವಿನ ಅಲ್ಪವಿರಾಮ ಬಿಟ್ಟರೆ ನನ್ನದು ಅನ್ನುವಂಥದ್ದು ಏನೂ ಕಾಣಿಸಲಿಲ್ಲ.

ನಾನು ಕೂತಿರುವುದು ಕೊಡಗಿನ ಪಾಲಿಬೆಟ್ಟದ ನಮ್ಮ ಮನೆಯ ಜಗಲಿಯಲ್ಲಿ. ಕಂಪನಿ ಇರುವುದು ಬೆಂಗಳೂರಿನಲ್ಲಿ, ಗಿರಾಕಿಯ ಗಿರಾಕಿ ಇರುವುದು ಯುರೋಪಿನಲ್ಲಿ. ಕೊರೋನಾ ಕಾಲದಲ್ಲಿ ಲ್ಯಾಪ್‌ಟಾಪ್ ಹೊತ್ತು ಊರಿಗೆ ಬಂದವನು ಮತ್ತೆ ಹೋಗಲಿಲ್ಲ. ನಮ್ಮೂರಿನ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವ ಕ್ರಮವೇ ಬೇರೆ. ಅದನ್ನು ಅಕ್ಷರಕ್ಕೆ ಅಕ್ಷರ ಓದಿದರೆ ‘ಪೊಳ್ಳಿಬೆಟ್ಟ’ ಆಗುತ್ತದೆ. ನಮ್ಮ ತಂಡದವರೆಲ್ಲ ಹಾಗೆಯೇ ಕರೆಯುವುದು. ನಾನು ತಿದ್ದಲು ಹೋಗಿಲ್ಲ. ನಾನು ಮಾಡುವ ಕೆಲಸಕ್ಕೆ ಆ ವಿಳಾಸವೇ ಹೆಚ್ಚು ಒಪ್ಪುತ್ತದೆ.

ದಿನ ಶುರುವಾಗುವುದು ಒಂಬತ್ತೂವರೆಗೆ, ‘ಸ್ಟ್ಯಾಂಡ್‌ಅಪ್’ ಎಂಬ ಸಭೆಯಿಂದ. ಹೆಸರಿಗೆ ನಿಂತುಕೊಂಡು ಮಾಡುವ ಸಭೆ, ನಿಂತವರನ್ನು ಈವರೆಗೆ ಕಂಡಿಲ್ಲ. ಹನ್ನೊಂದು ಜನ ತಮ್ಮ ತಮ್ಮ ಮನೆಯ ಕುರ್ಚಿಯಲ್ಲಿ ಕೂತು, ನಿನ್ನೆ ಏನು ಮಾಡಿದೆವು, ಇವತ್ತು ಏನು ಮಾಡುತ್ತೇವೆ, ಅಡ್ಡಿ ಏನಿದೆ ಎಂದು ಹೇಳುತ್ತಾರೆ. ನನ್ನ ಸರದಿ ಬಂದಾಗ ನಾನು ಹೇಳುವುದಿಷ್ಟು: ನಿನ್ನೆ ಫಾಲೋಅಪ್ ಮಾಡಿದೆ, ಇವತ್ತು ಫಾಲೋಅಪ್ ಮಾಡುತ್ತೇನೆ, ಅಡ್ಡಿ ಏನೆಂದರೆ ಯಾರೂ ಉತ್ತರ ಕೊಡುತ್ತಿಲ್ಲ. ಆಮೇಲೆ ಟ್ರ್ಯಾಕರ್ ತುಂಬಬೇಕು. ಟ್ರ್ಯಾಕರ್ ತುಂಬದವರ ಇನ್ನೊಂದು ಟ್ರ್ಯಾಕರ್ ಇದೆ, ಅದನ್ನು ತುಂಬುವವನೂ ನಾನೇ. ಅದನ್ನು ತುಂಬುತ್ತ ಕೂತದ್ದರಿಂದ ಮೊದಲನೆಯದನ್ನು ತುಂಬಲು ತಡವಾಗಿ, ಎರಡನೆಯದರಲ್ಲಿ ನನ್ನ ಹೆಸರನ್ನು ನಾನೇ ಬರೆದುಕೊಂಡ ದಿನಗಳೂ ಇವೆ.

ನನ್ನ ಮುಖ್ಯ ಆಯುಧ ‘ಜೆಂಟಲ್ ರಿಮೈಂಡರ್’. ಮೃದು ಜ್ಞಾಪನೆ ಅನ್ನಬಹುದೇನೋ. ಕನ್ನಡದಲ್ಲಿ ಇದಕ್ಕೆ ಸರಿಯಾದ ಪದವಿಲ್ಲ, ಯಾಕೆಂದರೆ ಕನ್ನಡದವರು ಕೊಟ್ಟ ಸಾಲ ಕೇಳುವಾಗಲೂ ಮೊದಲು ಮಳೆಯ ವಿಷಯ ಮಾತಾಡಿ, ಕಾಫಿ ಕುಡಿದು, ಎದ್ದು ಹೊರಟು, ಚಪ್ಪಲಿ ಮೆಟ್ಟುವಾಗ ಕೇಳುತ್ತಾರೆ. ರಿಮೈಂಡರಿನಲ್ಲಿ ಈ ಮರ್ಯಾದೆ ಇಲ್ಲ. ಮೊದಲನೆಯದರಲ್ಲಿ ‘ದಯವಿಟ್ಟು’ ಇರುತ್ತದೆ. ಎರಡನೆಯದರಲ್ಲಿ ದಿನಾಂಕ ದಪ್ಪಕ್ಷರಕ್ಕೆ ತಿರುಗುತ್ತದೆ. ಮೂರನೆಯದರಲ್ಲಿ ಅವರ ಮೇಲಧಿಕಾರಿಯ ಹೆಸರು ಸದ್ದಿಲ್ಲದೆ ಬಂದು ಕೂರುತ್ತದೆ, ಮದುವೆಮನೆಗೆ ಕರೆಯದೆ ಬಂದ ದೊಡ್ಡಪ್ಪನ ಹಾಗೆ. ಕೆಲಸ ಆಗುವುದು ಆಗ. ಕೆಲಸ ಮಾಡಿದವರು ಬೇರೆ, ಮಾಡಿಸಿದ್ದು ದೊಡ್ಡಪ್ಪನ ಹೆದರಿಕೆ. ವರದಿಯಲ್ಲಿ ಮಾತ್ರ ‘ಕೋಆರ್ಡಿನೇಟೆಡ್’ ಎಂದು ನನ್ನ ಹೆಸರಿನ ಮುಂದೆ ಇರುತ್ತದೆ. ತನ್ನ ಕೋಳಿ ಕೂಗಿದ್ದರಿಂದಲೇ ಊರಿಗೆ ಬೆಳಗಾಗುತ್ತದೆ ಎಂದುಕೊಂಡ ಅಜ್ಜಿಯ ಕಥೆ ಗೊತ್ತಲ್ಲ? ಆಕೆ ಸಿಟ್ಟಾದಾಗ ಕೋಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಊರು ಬಿಟ್ಟು ಹೋಗುವಷ್ಟು ಸ್ವತಂತ್ರಳಾಗಿದ್ದಳು. ನನಗೆ ತೊಂಬತ್ತು ದಿನದ ನೋಟಿಸ್ ಪೀರಿಯಡ್ ಇದೆ.

ಅಪ್ಪ ಮೂವತ್ತೆಂಟು ವರ್ಷ ತೋಟದಲ್ಲಿ ರೈಟರ್ ಆಗಿದ್ದವರು. ಕೊಡಗಿನ ಹೊರಗಿನವರಿಗೆ ಒಂದು ಮಾತು: ಇಲ್ಲಿ ‘ರೈಟ್ರು’ ಎಂದರೆ ಸಾಹಿತಿಯಲ್ಲ. ಎಸ್ಟೇಟಿನ ಬರಹ, ಲೆಕ್ಕ, ಹಾಜರಿ, ತೂಕ, ಸಂಬಳ ನೋಡಿಕೊಳ್ಳುವವರು. ಮೇಲೆ ಮ್ಯಾನೇಜರ್, ಕೆಳಗೆ ಮೇಸ್ತ್ರಿ, ನಡುವೆ ರೈಟ್ರು. ಅಂದರೆ ಬಿಸಿನೆಸ್ ಸಪೋರ್ಟ್! ಇದನ್ನು ಒಂದು ದಿನ ಅಪ್ಪನಿಗೆ ಹೇಳಿದೆ. “ನೀವೂ ಕೋಆರ್ಡಿನೇಟರೇ ಅಪ್ಪಾ, ನಿಮಗೆ ಗೊತ್ತಿರಲಿಲ್ಲ ಅಷ್ಟೇ.” ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾನು ತೂಕದ ಹತ್ರ ನಿಲ್ತಿದ್ದೆ” ಅಂದರು.

ಆ ಒಂದು ವಾಕ್ಯ ನನಗೆ ಇನ್ನೂ ಜೀರ್ಣವಾಗಿಲ್ಲ. ಕುಯ್ಲಿನ ಕಾಲದಲ್ಲಿ ಸಂಜೆಗೆ ಆಳುಗಳು ಹಣ್ಣಿನ ಚೀಲ ಹೊತ್ತು ತಂದಾಗ, ಮೇಸ್ತ್ರಿ ತಕ್ಕಡಿಗೆ ಏರಿಸಿದಾಗ, ಮುಳ್ಳು ಎಲ್ಲಿ ನಿಂತಿತು ಎಂದು ರೈಟ್ರು ಕಣ್ಣಾರೆ ನೋಡಿ ಬರೆಯಬೇಕು. ಬರೆದ ಅಂಕಿಯ ಎದುರಿಗೇ ಅದನ್ನು ಕುಯ್ದವಳು ಬೆವರು ಒರೆಸಿಕೊಳ್ಳುತ್ತ ನಿಂತಿರುತ್ತಾಳೆ. ಅರ್ಧ ಕಿಲೋ ಕಮ್ಮಿ ಬರೆದರೆ ಅಲ್ಲಿಯೇ, ಆಗಲೇ, ಎಲ್ಲರೆದುರು ರೈಟ್ರಿಗೆ ಮಂಗಳಾರತಿ. ನನ್ನ ಎಕ್ಸೆಲ್ಲಿನ ಅಂಕಿಗಳ ಎದುರಿಗೆ ಯಾರೂ ನಿಂತಿರುವುದಿಲ್ಲ. ನಾನು 60 ಪರ್ಸೆಂಟ್ ಎಂದು ಬರೆದರೆ ಅದು 60, ಹಸಿರು ಬಣ್ಣ ಬಳಿದರೆ ಹಸಿರು.

ಹಾಗೆ ನೋಡಿದರೆ ಈ ಊರಿಗೆ ನನ್ನ ಉದ್ಯೋಗ ಹೊಸದಲ್ಲ. 1943ರಲ್ಲಿ ಹುಟ್ಟಿದ ಕನ್ಸಾಲಿಡೇಟೆಡ್ ಕಾಫಿ ಎಸ್ಟೇಟ್ಸ್ 1990ರ ದಶಕದ ಆರಂಭದಲ್ಲಿ ಟಾಟಾ ಕೈಗೆ ಹೋಗಿ, 2000ದಲ್ಲಿ ಟಾಟಾ ಕಾಫಿಯಾಗಿ, 2024ರ ಜನವರಿಯಲ್ಲಿ ಟಾಟಾ ಕನ್ಸ್ಯೂಮರ್ ಪ್ರಾಡಕ್ಟ್ಸ್‌ನಲ್ಲಿ ವಿಲೀನವಾಯಿತು. ಅಷ್ಟು ದೊಡ್ಡ ಕಾಫಿ ಕಂಪನಿಯ ನೋಂದಾಯಿತ ಕಚೇರಿ ಇದ್ದದ್ದು ಮುಂಬಯಿಯಲ್ಲಲ್ಲ, ಬೆಂಗಳೂರಿನಲ್ಲಲ್ಲ, ಒಂದೇ ಬೀದಿಯ ಈ ಪಾಲಿಬೆಟ್ಟದಲ್ಲಿ. ದೊಡ್ಡ ವ್ಯಾಪಾರದ ಕಾಗದಪತ್ರಕ್ಕೆ ದೊಡ್ಡ ಊರೇ ಬೇಕೆಂದಿಲ್ಲ ಎಂದು ನಮ್ಮೂರು ‘ವರ್ಕ್ ಫ್ರಮ್ ಹೋಮ್’ ಹುಟ್ಟುವ ಎಷ್ಟೋ ಮೊದಲೇ ತೋರಿಸಿತ್ತು. ಅದಕ್ಕೂ ಹಿಂದೆ, ಕೊಡಗನ್ನಾಳಿದ ಹಾಲೇರಿ ಅರಸರ ಕಾಲದಿಂದ ಬ್ರಿಟಿಷರ ಕಾಲದವರೆಗೆ, ನಾಡಿಗೊಬ್ಬ ಪಾರುಪತ್ಯಗಾರ ಇರುತ್ತಿದ್ದ. ಮೇಲಿನವರ ಅಪ್ಪಣೆ ಕೆಳಗಿಳಿಸುವುದು, ಕೆಳಗಿನವರ ದೂರು ಮೇಲೇರಿಸುವುದು ಅವನ ಪಾಡು. ನನ್ನ ವಿಸಿಟಿಂಗ್ ಕಾರ್ಡಿನಲ್ಲಿ ಆ ಪದವನ್ನೇ ಹಾಕಿಸಬೇಕೆಂದಿದ್ದೆ. ಬ್ರ್ಯಾಂಡಿಂಗ್ ವಿಭಾಗದವರು ಒಪ್ಪಲಿಲ್ಲ. ಅಕ್ಷರ ಜಾಸ್ತಿಯಂತೆ.

ಆಫೀಸು ಹೇಗೆ ಬೆಳೆಯುತ್ತದೆ ಎಂಬುದಕ್ಕೆ ಪಾರ್ಕಿನ್ಸನ್ ಎಂಬ ಇಂಗ್ಲಿಷ್ ಇತಿಹಾಸಕಾರ ತಮ್ಮ ದೇಶದ ನೌಕಾಪಡೆಯ ಲೆಕ್ಕವನ್ನೇ ತೆಗೆದು ತೋರಿಸಿದ್ದರು. 1914ರಿಂದ 1928ರೊಳಗೆ ದೊಡ್ಡ ಯುದ್ಧನೌಕೆಗಳು 62ರಿಂದ 20ಕ್ಕೆ ಇಳಿದವು. ಅದೇ ಅವಧಿಯಲ್ಲಿ ನೌಕಾಕಚೇರಿಯ ಅಧಿಕಾರಿಗಳು 2,000ದಿಂದ 3,569ಕ್ಕೆ ಏರಿದರು. ಹಡಗು ಕಮ್ಮಿಯಾದಷ್ಟೂ ಹಡಗಿನ ಫೈಲು ಜಾಸ್ತಿ. ಇದನ್ನು ಅಪ್ಪನಿಗೆ ಹೇಳಿದೆ. ಅವರು ಆಶ್ಚರ್ಯಪಡಲಿಲ್ಲ. “ಪಲ್ಪರ್ ಹತ್ರ ನೀರಿನ ತೊಟ್ಟಿ ಇರ್ತದಲ್ಲ, ಅದಕ್ಕೆ ಹಣ್ಣು ಸುರಿದಾಗ ಎಂತ ಆಗ್ತದೆ?” ಎಂದು ಕೇಳಿದರು. ಒಳ್ಳೆಯ ಹಣ್ಣು ಮುಳುಗುತ್ತದೆ, ಜೊಳ್ಳು ಮೇಲೆ ತೇಲುತ್ತದೆ. ಮುಂದೆ ಅವರು ಏನೂ ಹೇಳಲಿಲ್ಲ, ಆದರೆ ಆ ವರ್ಷ ನನಗೆ ‘ಸೀನಿಯರ್’ ಎಂಬ ಬಡ್ತಿ ಬಂದಿತ್ತು.

ಈಗ ನನ್ನ ಸದ್ಯದ ಪ್ರಾಜೆಕ್ಟಿನ ವಿಷಯಕ್ಕೆ ಬರುತ್ತೇನೆ.

ಭಾರತದ ಕಾಫಿಯ ಸುಮಾರು ಮೂರನೇ ಒಂದು ಭಾಗ ಕೊಡಗಿನದು. ದೇಶದ ಕಾಫಿಯಲ್ಲಿ ಹೆಚ್ಚಿನ ಪಾಲು ರಫ್ತಾಗುತ್ತದೆ, ಅದರಲ್ಲಿ ದೊಡ್ಡ ಪಾಲು ಯುರೋಪಿಗೆ, ಇಟಲಿಯಂತೂ ನಮ್ಮ ಹಳೆಯ ಗಿರಾಕಿ. 2023ರಲ್ಲಿ ಯುರೋಪಿಯನ್ ಒಕ್ಕೂಟ ಒಂದು ಕಾನೂನು ತಂದಿತು: 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದಲ್ಲಿ ಬೆಳೆದ ಕಾಫಿ, ಕೋಕೋ, ರಬ್ಬರು ಮುಂತಾದವನ್ನು ತಮ್ಮಲ್ಲಿಗೆ ತರುವಂತಿಲ್ಲ. ಬೆಳೆದ ಜಾಗ ಭೂಮಿಯ ಮೇಲೆ ಎಲ್ಲಿದೆ ಎಂದು ಅಕ್ಷಾಂಶ ರೇಖಾಂಶ ಸಮೇತ ಕೊಡಬೇಕು. ನಾಲ್ಕು ಹೆಕ್ಟೇರಿಗಿಂತ ದೊಡ್ಡ ತೋಟವಾದರೆ ಸುತ್ತ ಗೆರೆ ಎಳೆಯಬೇಕು, ಚಿಕ್ಕದಾದರೆ ಒಂದು ಚುಕ್ಕಿ ಸಾಕು. ಆದರೆ ಆ ಚುಕ್ಕಿ ದಶಮಾಂಶದ ನಂತರ ಆರು ಸ್ಥಾನದವರೆಗೆ ಇರಬೇಕು.

ಉದ್ದೇಶ ಒಳ್ಳೆಯದೇ. ಕಾಡು ಉಳಿಯಬೇಕು ಅನ್ನುವುದಕ್ಕೆ ನನ್ನ ತಕರಾರಿಲ್ಲ. ತಮಾಷೆ ಇರುವುದು, ಆ ಪ್ರಶ್ನೆ ಯಾರನ್ನು ಕೇಳಲಾಯಿತು ಅನ್ನುವುದರಲ್ಲಿ. ಹಲಸು, ಅತ್ತಿ, ನಂದಿ, ಬೀಟೆ, ಹೊನ್ನೆಯ ನೆರಳಿನ ಕೆಳಗೆ ಕಾಫಿ ಬೆಳೆಯುವ ನಾಡು ಇದು. ಇಲ್ಲಿ ಒಂದು ಬೀಟೆ ಮರ ಕಡಿಯಬೇಕಾದರೆ ಜಾಗ ‘ರಿಡೀಮ್ಡ್’ ಹೌದೋ ಅಲ್ಲವೋ, ಅಂದರೆ ಮರ ನಿಮ್ಮದೋ ಸರ್ಕಾರದ್ದೋ ಅನ್ನುವುದರಿಂದ ಶುರುವಾಗಿ, ಅರಣ್ಯ ಇಲಾಖೆಯ ಪರವಾನಗಿಯವರೆಗೆ ಅಲೆಯಬೇಕು. ಅಲೆದಾಟ ಮುಗಿಯುವುದರೊಳಗೆ ಮರ ತಾನಾಗಿ ಬಿದ್ದಿರುತ್ತದೆ. ಅಂಥ ಬೆಳೆಗಾರನ ಹತ್ತಿರ ಹೋಗಿ “ನೀವು ಕಾಡು ಕಡಿದಿಲ್ಲ ಎಂದು ಆರು ದಶಮಾಂಶದಲ್ಲಿ ರುಜುವಾತು ಮಾಡಿ” ಎಂದು ಕೇಳುವ ಕೆಲಸವನ್ನು ಯುರೋಪು ಆಮದುದಾರನಿಗೆ ಕೊಟ್ಟಿತು, ಆಮದುದಾರ ರಫ್ತುದಾರನಿಗೆ ಕೊಟ್ಟ, ರಫ್ತುದಾರ ನಮ್ಮ ಕಂಪನಿಗೆ ಕೊಟ್ಟ, ಕಂಪನಿ ನನಗೆ ಕೊಟ್ಟಿತು. ನಾನು ಕೊಡಲು ಸುತ್ತ ನೋಡಿದೆ. ಅಪ್ಪ ಇದ್ದರು.

ನಿವೃತ್ತಿಯ ದುಡ್ಡಿನಲ್ಲಿ ಅಪ್ಪ ಕೊಂಡ ಮೂರು ಎಕರೆ ರೋಬಸ್ಟಾ ಇದೆ. ಚುಕ್ಕಿಯ ಜಾತಿ. ಮೊಬೈಲ್ ಹಿಡಿದು ಅವರೊಡನೆ ತೋಟಕ್ಕಿಳಿದೆ.

“ಚುಕ್ಕಿ ಎಲ್ಲಿಡುವಾ ಅಪ್ಪಾ?”

“ಆ ಹಲಸಿನ ಮರದ ಬುಡಕ್ಕೆ ಇಡು.”

“ಅಲ್ಲೇ ಯಾಕೆ?”

“ಆನೆಗೂ ಅದೇ ಅಡ್ರೆಸ್ಸು. ಯುರೋಪಿನವರಿಗೆ ಬೇರೆ ಯಾಕೆ?”

ಆರನೇ ದಶಮಾಂಶ ಎಂದರೆ ನೆಲದ ಮೇಲೆ ಸುಮಾರು ಹನ್ನೊಂದು ಸೆಂಟಿಮೀಟರು, ನನ್ನ ಅಂಗೈ ಅಗಲಕ್ಕಿಂತ ತುಸು ಜಾಸ್ತಿ. ನನ್ನ ಮೊಬೈಲು ಮರದ ಕೆಳಗೆ ನಿಂತಾಗ ನಾನು ಎಲ್ಲಿದ್ದೇನೆಂದು ಏಳೆಂಟು ಮೀಟರು ಅತ್ತಿತ್ತ ತಡಕಾಡುತ್ತಿತ್ತು, ಒಮ್ಮೆಯಂತೂ ನನ್ನನ್ನು ಪಕ್ಕದವರ ಕೆರೆಯಲ್ಲಿ ನಿಲ್ಲಿಸಿತು. ಆದರೂ ಆರು ದಶಮಾಂಶವನ್ನು ತಪ್ಪದೆ ಕೊಟ್ಟಿತು. ಸತ್ಯ ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ಉತ್ತರ ಖಚಿತವಾಗಿರಬೇಕು. ನಮ್ಮ ಕಸುಬಿನ ಮರ್ಮವನ್ನು ನನಗಿಂತ ಬೇಗ ಕಲಿತದ್ದು ಆ ಮೊಬೈಲು.

ಉಳಿದ ಬೆಳೆಗಾರರದ್ದು ಒಬ್ಬೊಬ್ಬರದು ಒಂದೊಂದು. ಪಹಣಿಯಲ್ಲಿ ಇರುವುದು ಎಂದೋ ತೀರಿಹೋದ ತಾತನ ಹೆಸರು, ತೋಟ ನೋಡುತ್ತಿರುವುದು ಮೂರನೇ ಮೊಮ್ಮಗ, ನಡುವಿನವರು ಮೈಸೂರು, ಬೆಂಗಳೂರು, ದುಬೈ. ಫಾರ್ಮಿನಲ್ಲಿ ‘ಉತ್ಪಾದಕರ ಇಮೇಲ್’ ಎಂಬ ಜಾಗ ಖಾಲಿ ಬಿಡುವಂತಿಲ್ಲ, ಕೆಂಪಾಗುತ್ತದೆ. ಒಬ್ಬ ಹಿರಿಯರು “ಅಜ್ಜನ ಇಮೇಲಾ? ಕಾರಣಂಗೆ ಇಡುವಾಗ ಕೇಳಿ ಹೇಳ್ತೇನೆ” ಅಂದರು. ಗುರುಕಾರಣರಿಗೆ ವರ್ಷಕ್ಕೊಮ್ಮೆ ಎಡೆ ಇಡುವ ಮನೆ ಅದು. ನಾನು ಟ್ರ್ಯಾಕರಿನಲ್ಲಿ ‘ಉತ್ತರ ನಿರೀಕ್ಷೆಯಲ್ಲಿ’ ಎಂದು ಬರೆದೆ. ಮೇಲಿನವರು ಆ ಅಜ್ಜನಿಗೆ ಜೆಂಟಲ್ ರಿಮೈಂಡರ್ ಕಳಿಸಿದ್ದೀಯಾ ಎಂದು ಕೇಳಿದರು.

ಇಷ್ಟೆಲ್ಲ ಗಡಿಬಿಡಿ ಯಾಕೆಂದರೆ 2024ರ ಡಿಸೆಂಬರ್ 30 ಕಡೆಯ ದಿನ. ನಾನು ಅದನ್ನು ಕೆಂಪು ದಪ್ಪಕ್ಷರದಲ್ಲಿ ಎಷ್ಟು ಸಲ ಬರೆದಿದ್ದೆನೆಂದರೆ ನನ್ನ ಹುಟ್ಟಿದ ದಿನಕ್ಕಿಂತ ಅದು ಬೇಗ ನೆನಪಾಗುತ್ತಿತ್ತು. ದಿನ ಹತ್ತಿರ ಬಂದಾಗ ಯುರೋಪು ಅದನ್ನು ಒಂದು ವರ್ಷ ಮುಂದಕ್ಕೆ ಹಾಕಿತು. ಆ ವರ್ಷ ಮುಗಿಯುತ್ತ ಬಂದಾಗ ಮತ್ತೆ ಮುಂದಕ್ಕೆ. ಎರಡನೇ ಸಲ ಹೇಳಿದ ಕಾರಣ ಕೇಳಿ ನನಗೆ ಕಣ್ಣು ತುಂಬಿ ಬಂತು: ಇಷ್ಟೊಂದು ಮಾಹಿತಿಯ ಭಾರವನ್ನು ಅವರ ಕಂಪ್ಯೂಟರ್ ವ್ಯವಸ್ಥೆ ತಾಳಿಕೊಳ್ಳುತ್ತದೋ ಇಲ್ಲವೋ ಎಂಬ ಅನುಮಾನವಂತೆ. ಬ್ರಸೆಲ್ಸ್‌ನಲ್ಲೂ ಸರ್ವರ್ ಡೌನ್! ನಾಡಕಚೇರಿಯ ಕಿಟಕಿಯಲ್ಲಿ ತಲೆ ಇಟ್ಟು ‘ನಾಳೆ ಬನ್ನಿ’ ಅನ್ನಿಸಿಕೊಂಡು ಬೆಳೆದ ನನಗೆ, ಸಮುದ್ರದ ಆಚೆ ಒಬ್ಬ ನೆಂಟ ಸಿಕ್ಕಿದಂತಾಯಿತು. ಅಪ್ಪನಿಗೆ ಹೇಳಿದಾಗ ಅವರು ಒಣಗಲು ಹಾಕಿದ ಚೆರಿಯ ಹತ್ತಿರ ಕಣದಲ್ಲಿದ್ದರು. ಒಂದು ಹಿಡಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದರು. ಒಳಗೆ ಬೀಜ ಗಲಗಲ ಅಂದರೆ ಒಣಗಿದೆ, ಅನ್ನದಿದ್ದರೆ ಇಲ್ಲ. “ಇನ್ನೆರಡು ಬಿಸಿಲು” ಅಂದರು. ಇದೊಂದು ಸ್ಟೇಟಸ್ ರಿಪೋರ್ಟ್. ಎರಡೇ ಪದ. ಇದನ್ನು ಯಾರೂ ಮುಂದೂಡಿದ್ದನ್ನು ನಾನು ಕಂಡಿಲ್ಲ.

ಮಳೆಗೂ ಮೀಟಿಂಗಿಗೂ ಆಗಿಬರುವುದಿಲ್ಲ. ಫೆಬ್ರವರಿ ಮಾರ್ಚಿನಲ್ಲಿ ಹೂ ಮಳೆಗೆ ಇಡೀ ಕೊಡಗು ಆಕಾಶ ನೋಡುತ್ತ ಕೂತಿರುತ್ತದೆ. ಬೀಳದಿದ್ದರೆ ಕೆರೆಗೆ ಮೋಟಾರು ಇಳಿಸಿ ಸ್ಪ್ರಿಂಕ್ಲರ್ ಹಾಕಬೇಕು, ಹಾಕಿದ ಮರುದಿನವೇ ಮಳೆ ಬಂದರೆ ಡೀಸೆಲಿನ ದುಡ್ಡನ್ನು ನೆನೆದು ಬೈದುಕೊಳ್ಳಬೇಕು. ಬಿದ್ದ ಮಳೆಯನ್ನು ಇಲ್ಲಿ ಇಂಚು ಮತ್ತು ಸೆಂಟಿನಲ್ಲಿ ಹೇಳುತ್ತಾರೆ. “ನಿಮ್ಮಲ್ಲಿ ಎಷ್ಟು?” “ಒಂದು ಇಂಚು ಇಪ್ಪತ್ತು ಸೆಂಟು.” “ನಮ್ಮಲ್ಲಿ ಅರುವತ್ತೇ ಸೆಂಟು ಮಾರಾಯ್ರೆ, ಗೇಟಿನವರೆಗೆ ಬಂದು ತಿರುಗಿ ಹೋಯ್ತು.” ಅರ್ಧ ಗಂಟೆಯೊಳಗೆ ಫೋನಿನಲ್ಲೇ ಸಿದ್ದಾಪುರದಿಂದ ಗೋಣಿಕೊಪ್ಪದವರೆಗಿನ ಲೆಕ್ಕ ಎಲ್ಲರ ಬಾಯಲ್ಲಿ. ಯಾರೂ ಕೋಆರ್ಡಿನೇಟ್ ಮಾಡಿದ್ದಲ್ಲ. ಅದೇ ಅಂಕಿಯನ್ನು ನಾನು ಮಿಲಿಮೀಟರಿಗೆ ತಿರುಗಿಸಿ, ಟೆಂಪ್ಲೇಟಿಗೆ ಸೇರಿಸಿ, ಒಪ್ಪಿಗೆ ಪಡೆದು, ಗಿರಾಕಿಗೆ ಕಳಿಸುವಷ್ಟರಲ್ಲಿ ಹೂ ಅರಳಿ ಉದುರಿ ಕಾಯಿ ಕಚ್ಚಿರುತ್ತದೆ.

ಈ ನಾಡಿಗೆ ಸಂಘಟನೆ ಗೊತ್ತಿಲ್ಲ ಅನ್ನುವವರು ಒಮ್ಮೆ ಕೊಡವ ಹಾಕಿ ಹಬ್ಬಕ್ಕೆ ಬರಬೇಕು. 1997ರಲ್ಲಿ ಕರಡದಲ್ಲಿ ಶುರುವಾದಾಗ 60 ಕುಟುಂಬದ ತಂಡಗಳು. 2024ರಲ್ಲಿ ನಾಪೋಕ್ಲಿನಲ್ಲಿ ನಡೆದಾಗ 360. ವರ್ಷಕ್ಕೊಂದು ಒಕ್ಕ, ಅಂದರೆ ಮನೆತನ, ಹೊಣೆ ಹೊರುತ್ತದೆ. ಮೈದಾನ, ಗ್ಯಾಲರಿ, ಊಟ, ಅಂಪೈರು, ವಾರಗಟ್ಟಲೆಯ ಪಂದ್ಯಪಟ್ಟಿ ಎಲ್ಲ ಅವರದ್ದೇ. ನನ್ನ ಪ್ರಾಜೆಕ್ಟಿನಲ್ಲಿ ಹನ್ನೊಂದು ಜನರನ್ನು ಒಂದೇ ಹೊತ್ತಿಗೆ ಒಂದೇ ಲಿಂಕಿಗೆ ತರಲು ನನಗೆ ಆಗುವುದಿಲ್ಲ. ಕೊಡವರ ಮದುವೆಯಲ್ಲಿ ‘ಅರುವ’ ಎಂದು ಒಬ್ಬರಿರುತ್ತಾರೆ. ಒಕ್ಕದ ಪರವಾಗಿ ನಿಂತು ಮಾತಾಡುವವರು. ಸಂಬಂಧ ಒಪ್ಪಿಸಿಕೊಡುವಾಗ ಎರಡು ಕಡೆಯ ಅರುವರು ಎದುರುಬದುರು ನಿಂತು ಬಾಯಿಮಾತಿನಲ್ಲೇ ಕೇಳಿ, ಹೇಳಿ, ಹೆಣ್ಣಿನ ಹಕ್ಕನ್ನು ಆಚೆ ಮನೆಗೆ ದಾಟಿಸುತ್ತಾರೆ. ಮುಂದೆ ತಕರಾರು ಬಂದರೆ ಉತ್ತರ ಹೇಳಬೇಕಾದವರೂ ಅವರೇ. ಇಂಥದ್ದೊಂದನ್ನು ಮೊನ್ನೆ ನೋಡುತ್ತ ನಿಂತವನಿಗೆ, ನನ್ನ ಮೀಟಿಂಗುಗಳಲ್ಲಿ ನಾನು ಕೊನೆಗೆ ಹೇಳುವ ವಾಕ್ಯ ನೆನಪಾಯಿತು: “ನಾನು ಸಂಬಂಧಪಟ್ಟವರಿಗೆ ತಿಳಿಸುತ್ತೇನೆ.” ಅರುವ ಹಾಗೆ ಹೇಳಿದ್ದಿದ್ದರೆ ಮದುವೆ ಊಟವಿಲ್ಲದೆ ಮುಗಿಯುತ್ತಿತ್ತು.

ಮೇ ತಿಂಗಳಲ್ಲಿ ನನ್ನ ವಾರ್ಷಿಕ ಮೌಲ್ಯಮಾಪನ. ಯುರೋಪಿನ ಯಾರೋ ಸೇರಬೇಕೆಂದು ರಾತ್ರಿ ಎಂಟಕ್ಕೆ ಇಟ್ಟರು. ಕೆಲಸ ಚೆನ್ನಾಗಿದೆಯಂತೆ, ‘ವಿಸಿಬಿಲಿಟಿ’ ಸಾಲದಂತೆ. ನಾನು ಕಾಣಿಸಿಕೊಳ್ಳುವುದು ಹೇಗೆ ಎಂಬುದರ ಬಗ್ಗೆ ಮೂರು ಸ್ಲೈಡುಗಳಿದ್ದವು. ಎರಡನೆಯದು ನಡೆಯುತ್ತಿರುವಾಗ ಊರಿನ ಆನೆ ವಾಟ್ಸಾಪ್ ಗುಂಪಿನಲ್ಲಿ ಸಂದೇಶ ಬಂತು. ಅದರ ಶೈಲಿಯನ್ನು ನಮ್ಮ ಕಂಪನಿ ಕಲಿಯಬೇಕು: ಎಲ್ಲಿದೆ, ಎಷ್ಟಿದೆ, ಯಾವ ಕಡೆ ಹೋಗುತ್ತಿದೆ. ಮೂರು ಸಾಲು. ಕೆಳಗೆ ‘ಜಾಗ್ರತೆ’. ಎಲ್ಲಿದೆ ಎಂದು ಓದಿದರೆ ನಮ್ಮ ಬೇಲಿ.

ಅಪ್ಪ ಜಗಲಿಗೆ ಬಂದು ಪಿಸುಗುಟ್ಟಿದರು. “ಲೈಟ್ ತೆಗಿ. ಮಾತಾಡ್ಬೇಡ.”

ಕತ್ತಲಲ್ಲಿ ಲ್ಯಾಪ್‌ಟಾಪಿನ ಬೆಳಕನ್ನು ಅರ್ಧ ಮಡಚಿ ಕೂತೆ. ಆಚೆಯಿಂದ ಮ್ಯಾನೇಜರ್, “ನಿನ್ನ ಕಡೆಯಿಂದ ಏನಾದರೂ ಬ್ಲಾಕರ್ ಇದೆಯಾ?” ಎಂದು ಕೇಳಿದರು.

“ಒಂದಿದೆ ಸರ್,” ಎಂದು ಟೈಪ್ ಮಾಡಿದೆ. “ಸುಮಾರು ನಾಲ್ಕು ಟನ್.”

“ಓನರ್ ಯಾರು?”

“ಅರಣ್ಯ ಇಲಾಖೆ.”

“ಯಾವಾಗ ಕ್ಲಿಯರ್ ಆಗಬಹುದು?”

ತೋಟದಲ್ಲಿ ಹಲಸಿನ ಮರ ಜೋರಾಗಿ ಅಲ್ಲಾಡುವ ಸದ್ದು, ಹಿಂದೆಯೇ ಧೊಪ್ಪೆಂದು ಒಂದು, ಸ್ವಲ್ಪ ಬಿಟ್ಟು ಇನ್ನೊಂದು. ನಾನು ಅಪ್ಪನ ಮುಖ ನೋಡಿದೆ. ಅವರು ಕಿವಿಗೊಟ್ಟು ಬೆರಳು ಮಡಚುತ್ತಿದ್ದರು. “ಇನ್ನು ನಾಲ್ಕು ಹಣ್ಣುಂಟು,” ಅಂದರು. ಅದನ್ನೇ ಕಳಿಸಿದೆ. ಆಚೆಯವರು ಅದನ್ನು ಶುಕ್ರವಾರಕ್ಕೆ ನಮೂದಿಸಿಕೊಂಡರು.

ಬೆಳಿಗ್ಗೆ ಇಬ್ಬರೂ ಇಳಿದು ನೋಡಿದೆವು. ಮೂರು ಕಾಫಿ ಗಿಡ ಮುರಿದಿತ್ತು, ಸ್ಪ್ರಿಂಕ್ಲರಿನ ಒಂದು ಪೈಪು ಚಪ್ಪಟೆಯಾಗಿತ್ತು, ಮರದ ಸುತ್ತ ಹಲಸಿನ ಸಿಪ್ಪೆ. ಬುಡದಲ್ಲಿ, ನಾನು ಅವತ್ತು ಮೊಬೈಲ್ ಹಿಡಿದು ನಿಂತಲ್ಲಿಯೇ, ಒದ್ದೆ ಮಣ್ಣಿನಲ್ಲಿ ತಟ್ಟೆಯಷ್ಟು ದೊಡ್ಡ ಹೆಜ್ಜೆ. ಅಪ್ಪ ಕುಕ್ಕರುಗಾಲಲ್ಲಿ ಕೂತು ಅದನ್ನು ಗೇಣು ಹಾಕಿ ಅಳೆದರು. ಎರಡು ಗೇಣು. ಆಮೇಲೆ ನನ್ನ ಕಡೆ ತಿರುಗಿ, ನಾಲ್ಕು ವರ್ಷದಲ್ಲಿ ಮೊದಲ ಸಲ ನನ್ನ ಕೆಲಸದ ಬಗ್ಗೆ ಒಂದು ಒಳ್ಳೆಯ ಮಾತು ಹೇಳಿದರು:

“ಚುಕ್ಕಿ ಸರಿಯಾದಲ್ಲೇ ಇಟ್ಟಿದ್ದಿ.”